ಕೆಂಪು ದೀಪ ಆರದ ಕಂಪ್ಯೂಟರ್

ಹದಿಮೂರು, ಹದಿನಾಲ್ಕರ ಮಕ್ಕಳಿರುವ ಮನೆಗಳಲ್ಲಿ ಈಗೊಂದು ಹುಚ್ಚು. ಕಂಪ್ಯೂಟರನ್ನು ಅಂಗಡಿಯಿಂದ ತರುವುದಲ್ಲ, ಬಿಡಿಭಾಗ ತರಿಸಿ ತಾವೇ ಜೋಡಿಸುವುದು. ಹುಟ್ಟುಹಬ್ಬದ ದುಡ್ಡು, ಪಕ್ಕದ ಮನೆಯ ಹುಲ್ಲು ಕತ್ತರಿಸಿ ಬಂದ ದುಡ್ಡು ಎಲ್ಲ ಅದಕ್ಕೇ. ಶನಿವಾರ ಪೂರ್ತಿ ಕೂತು ಜೋಡಿಸಿ ಬಟನ್ ಒತ್ತಿದರೆ ಫ್ಯಾನುಗಳೇನೋ ಗಿರ್ರೆಂದು ತಿರುಗುತ್ತವೆ, ಪರದೆ ಮಾತ್ರ ಕಪ್ಪು. ಮದರ್‌ಬೋರ್ಡಿನ ಅಂಚಿನಲ್ಲಿ 'ಸಿಪಿಯು' ಎಂದು ಬರೆದಿರುವ ಕಡೆ ಪುಟ್ಟದೊಂದು ಕೆಂಪು ದೀಪ. ಬೋರ್ಡಿಗೆ ತನ್ನ ಪ್ರೊಸೆಸರ್ ಕಾಣುತ್ತಿಲ್ಲ. ಮಗಳ ಮುಖ ಸಣ್ಣದಾಗುತ್ತದೆ. ಪ್ರೊಸೆಸರ್ ಸತ್ತೇಹೋಯಿತು ಎಂದು ಅವಳ ತೀರ್ಮಾನ.

ನಿಜವಾಗಿ ಸತ್ತಿರುವುದು ಅಪರೂಪ. ಕಂಪ್ಯೂಟರ್ ಗೊತ್ತಿಲ್ಲದ ಅಪ್ಪ ಅಮ್ಮಂದಿರೂ ಈಗ ಪಕ್ಕದಲ್ಲಿ ಕೂರಬೇಕು. ಮನೆಯಲ್ಲಿ ಈ ವಯಸ್ಸಿನವರ ಜೊತೆ ನಮ್ಮ ಕನ್ನಡ 'ಊಟ ಆಯ್ತಾ, ಹೋಂವರ್ಕ್ ಮುಗೀತಾ' ಅನ್ನುವಷ್ಟಕ್ಕೆ ಇಳಿದಿರುತ್ತದೆ. ಇಲ್ಲಿ ಹಾಗಲ್ಲ. ಸಿಕ್ಕಿಸು, ಬಿಚ್ಚು, ಅದುಮು, ಸಡಿಲಿಸು, ತಿರುಚಬೇಡ ಎಂಬ ಮಾತುಗಳೆಲ್ಲ ಬೇಕಾಗುತ್ತವೆ. ಹೆಸರುಗಳು ಇಂಗ್ಲಿಷಿನಲ್ಲೇ ಇರಲಿ. ಪ್ರೊಸೆಸರಿಗೆ 'ಸಂಸ್ಕಾರಕ' ಎಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರೂ ನಕ್ಕಾರು. ಕ್ರಿಯಾಪದಗಳನ್ನು ಬಿಡದಿದ್ದರೆ ಸಾಕು.

ಮೊದಲು ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು, ಪ್ರೊಸೆಸರಿನ ಪಕ್ಕದ ಎಂಟು ತೂತಿನ ಸಾಕೆಟ್ ನೋಡಿ. ಬೋರ್ಡಿಗೆ 24 ಪಿನ್ನಿನ ದಪ್ಪ ಕೇಬಲ್ ಕೊಟ್ಟು ಇದನ್ನು ಮರೆಯುವುದು ಸರ್ವೇಸಾಮಾನ್ಯ. ಪ್ರೊಸೆಸರಿಗೆ ಕರೆಂಟು ಬರುವುದೇ ಇದರಿಂದ. ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲಿಗೂ ಎಂಟೇ ಪಿನ್, ಆದರೆ ಅದು ಆರು ಮತ್ತು ಎರಡಾಗಿ ಸೀಳಿರುತ್ತದೆ, ಇದು ನಾಲ್ಕು ಮತ್ತು ನಾಲ್ಕಾಗಿ. ಅದನ್ನು ಇಲ್ಲಿ ತುರುಕಬಾರದು. ಹಳೆಯ ಪವರ್ ಸಪ್ಲೈನ ಕೇಬಲ್ಲನ್ನು ಹೊಸದಕ್ಕೆ ಹಾಕುವುದಂತೂ ಬೇಡವೇ ಬೇಡ. ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು, ಇದ್ದದ್ದೂ ಸುಟ್ಟುಹೋದೀತು. ಸರಿಯಾದ ಕೇಬಲ್ ಸಿಕ್ಕ ಮೇಲೆ 'ಟಕ್ ಅನ್ನೋವರೆಗೂ ಅದುಮು' ಎಂದರೆ ಅವಳಿಗೆ ಅರ್ಥ ಹೇಳಿಕೊಡಬೇಕಿಲ್ಲ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ಉಳಿತಾಯಕ್ಕೆಂದು ಹಳೆಯ ಬಿ450 ಬೋರ್ಡ್ ಕೊಂಡಿರುತ್ತಾರೆ. ಅದು ಬಂದದ್ದು 2018ರಲ್ಲಿ. ಅದರ ಮೇಲೆ ಕೂರಿಸುವ ರೈಜೆನ್ 5000 ಸರಣಿ ಬಂದದ್ದು 2020ರ ಕೊನೆಗೆ. ಸಾಕೆಟ್ ಅದೇ ಎಎಂ4, ಚಿಪ್ ಸಲೀಸಾಗಿ ಕೂರುತ್ತದೆ. ಬೋರ್ಡಿನೊಳಗಿನ ಬಯಾಸ್ ಹಳೆಯದಾದರೆ ಈ ಹೊಸಬನ ಪರಿಚಯವೇ ಅದಕ್ಕಿಲ್ಲ. ಕೆಲವು ಬೋರ್ಡುಗಳ ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಎಂಬ ಬಟನ್ ಇರುತ್ತದೆ. ತಯಾರಕರ ತಾಣದಿಂದ ಫೈಲ್ ಇಳಿಸಿ, ಫ್ಯಾಟ್32 ಮಾಡಿದ ಪೆನ್‌ಡ್ರೈವಿಗೆ ಹಾಕಿ, ಮ್ಯಾನ್ಯುಯಲ್ ಹೇಳಿದ ಹೆಸರು ಕೊಟ್ಟು, ಅದೇ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ ಬಟನ್ ಒತ್ತಬೇಕು. ಪ್ರೊಸೆಸರ್ ಇಲ್ಲದೆಯೂ ಇದು ನಡೆಯುತ್ತದೆ. ದೀಪ ಮಿಣುಕುವಷ್ಟು ಹೊತ್ತು ಯಾವುದನ್ನೂ ಮುಟ್ಟಕೂಡದು. ಊರಲ್ಲಿ ಬೆಳಗಾಗಿದ್ದರೆ ಅಜ್ಜನಿಗೆ ಫೋನ್ ಹಚ್ಚಿ, 'ಏನ್ ಮಾಡ್ತಿದೀಯ ಪುಟ್ಟಿ?' ಎಂಬ ಪ್ರಶ್ನೆಗೆ ಅವಳೇ ಉತ್ತರ ಕೊಡಲಿ. ಆ ಬಟನ್ ಇಲ್ಲದ ಬೋರ್ಡಾದರೆ ಹಳೆಯ ರೈಜೆನ್ ಒಂದನ್ನು ಅರ್ಧ ಗಂಟೆ ಸಾಲ ತರಬೇಕು. ಕನ್ನಡ ಕೂಟದ ಹುಡುಗರಲ್ಲಿ ವಿಚಾರಿಸಿ, ಯಾರದ್ದಾದರೂ ಡ್ರಾಯರಿನಲ್ಲಿ ಬಿದ್ದಿದ್ದೀತು.

ಇವೆರಡೂ ಅಲ್ಲವೆಂದಾದರೆ ಚಿಪ್ ಹೊರತೆಗೆಯಲೇಬೇಕು. ಕೆನಡಾದಂಥ ಕಡೆ ಚಳಿಗಾಲದಲ್ಲಿ ಕಾರ್ಪೆಟ್ ಮೇಲೆ ನಡೆದು ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಎನ್ನುತ್ತದಲ್ಲ, ಆ ಕಿಡಿ ಚಿಪ್ಪಿಗೆ ಶತ್ರು. ಬರಿ ನೆಲದ ಕೋಣೆಯಲ್ಲಿ, ಮೇಜಿನ ಮೇಲೆ ಮಾಡಿ, ನಡುನಡುವೆ ಕೇಸಿನ ಲೋಹ ಮುಟ್ಟಿ. ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ, ಒಟ್ಟು 1331. ಕೂಲರನ್ನು ನೇರ ಮೇಲಕ್ಕೆ ಕಿತ್ತರೆ ಪೇಸ್ಟಿಗೆ ಅಂಟಿ ಚಿಪ್ಪೂ ಬಂದುಬಿಡುತ್ತದೆ, ಪಿನ್ ಬಾಗುತ್ತವೆ. ಅತ್ತಿತ್ತ ಮೆಲ್ಲಗೆ ಹೊರಳಿಸಿ ಎತ್ತಿ. ಒಂದೆರಡು ಬಾಗಿದ್ದರೆ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯಿಂದ ನೆಟ್ಟಗೆ ಮಾಡಬಹುದು, ಕೈ ನಡುಗದವರು ಮಾಡಲಿ. ಇಂಟೆಲ್‌ನವು, ಹೊಸ ಎಎಂ5 ಕೂಡ, ಪಿನ್ನುಗಳನ್ನು ಬೋರ್ಡಿನಲ್ಲಿ ಇಟ್ಟುಕೊಂಡಿವೆ. ಕೂದಲೆಳೆಯಂಥ ಅವನ್ನು ತಿದ್ದಲು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಎಎಂ5ನವರಿಗೆ ಇನ್ನೊಂದು ಮಾತು: ಹೊಸ ಮೆಮೊರಿ ಹಾಕಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು. ಅವಸರಕ್ಕೆ ಆಫ್ ಮಾಡಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡುವ ಮೊದಲು ಅವಳನ್ನು ಕೇಳಿ. 'ಈ ಕೇಬಲ್ ಹಾಕಿದ್ರೆ ಏನಾಗ್ಬಹುದು?' 'ಬಯಾಸ್ ಹೊಸದಾಗಿದ್ದಿದ್ರೆ?' ಊಟದ ಮೇಜಿನಲ್ಲಿ ಇಂಥ ವಾಕ್ಯಗಳಿಗೆ ಅಷ್ಟು ಕೆಲಸವಿಲ್ಲ. ಉತ್ತರ ಅರ್ಧ ಇಂಗ್ಲಿಷಿನಲ್ಲಿ ಬಂದರೆ ಬರಲಿ, ಕೆಂಪು ದೀಪದ ಎದುರು ವ್ಯಾಕರಣ ತಿದ್ದಿದರೆ ಎದ್ದೇ ಹೋಗುತ್ತಾಳೆ.

ಇಷ್ಟಾದರೂ ದೀಪ ಆರದಿದ್ದರೆ ವಾಪಸಾತಿಯ ಗಡುವು ಯಾವತ್ತು ಎಂದು ಬಿಲ್ಲಿನಲ್ಲಿ ನೋಡಿ. ಪಿನ್ನುಗಳ ಫೋಟೋ ತೆಗೆದಿಡಿ. ಇಂಟೆಲ್ ಅಥವಾ ಎಎಂ5 ಬೋರ್ಡಾದರೆ ಸಾಕೆಟ್ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಕಸದ ಬುಟ್ಟಿಯಿಂದಲಾದರೂ ಹುಡುಕಿ ಹಾಕಿ ಕಳಿಸಿ, ಅದಿಲ್ಲದ ಬೋರ್ಡಿಗೆ ವಾರಂಟಿಯವರು ತಕರಾರು ತೆಗೆಯಬಹುದು.