ಕೊಕ್ಕನೂರಿಗೆ ಯಾವ ದಾರಿ ಹಿಡಿಯೋಣ?

ಕೊಕ್ಕನೂರಿಗೆ ಯಾವ ದಾರಿ ಒಳ್ಳೆಯದು ಅಂತ ದಾವಣಗೆರೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಮೊದಲು ಬರುವುದು ಮರುಪ್ರಶ್ನೆ: "ಯಾವಾಗ ಹೊಂಟೀರಿ?" ನಾಲೆಗೆ ನೀರು ಬಿಟ್ಟಿದ್ದಾರೋ, ಭತ್ತದ ಕೊಯ್ಲು ನಡೆದಿದೆಯೋ, ಕಬ್ಬಿನ ಟ್ರ್ಯಾಕ್ಟರುಗಳು ಓಡುತ್ತಿವೆಯೋ, ಹೊಳೆ ತುಂಬಿದೆಯೋ, ಅಮಾವಾಸ್ಯೆ ಹತ್ತಿರವೋ, ಇಷ್ಟನ್ನೂ ಲೆಕ್ಕಕ್ಕೆ ಹಿಡಿಯದೆ ಈ ಸೀಮೆಯಲ್ಲಿ ದಾರಿ ಹೇಳಲಾಗದು. ಮೊಬೈಲ್ ನಕ್ಷೆಗೆ ಕಿಲೋಮೀಟರ್ ಗೊತ್ತು, ಪಂಚಾಂಗ ಗೊತ್ತಿಲ್ಲ.

ಕೊಕ್ಕನೂರು ಹರಿಹರ ತಾಲ್ಲೂಕಿನ ಊರು, ಮಲೇಬೆನ್ನೂರಿನ ನೆರೆ. ಹೊರಗಿನವರು ಇಲ್ಲಿಗೆ ಬರುವುದು ಆಂಜನೇಯಸ್ವಾಮಿಯ ದರ್ಶನಕ್ಕೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ಅಡಿಕೆ, ತೆಂಗು. ಹಸಿರಿಗೆ ಕಾರಣ ಭದ್ರೆ. ಜಲಾಶಯದ ಬಲದಂಡೆ ನಾಲೆಯ ನೀರು ಮಲೇಬೆನ್ನೂರು, ಹರಿಹರ, ದಾವಣಗೆರೆ ಶಾಖೆಗಳಲ್ಲಿ ಹರಿದು ಬರುತ್ತದೆ. ಅಣೆಕಟ್ಟೆ ಇರುವುದು ದೂರದ ಲಕ್ಕವಳ್ಳಿಯಲ್ಲಾದರೂ ಅದರ ಪೂರ್ಣಮಟ್ಟ 186 ಅಡಿ ಎಂಬುದು ಇಲ್ಲಿನ ಚಹಾದಂಗಡಿಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಅಂಕಿ. 71.5 ಟಿಎಂಸಿ ಹಿಡಿಸುವ ಆ ಜಲಾಶಯ ತುಂಬಿದ ವರ್ಷವೂ ನೀರು ಕೊನೆಭಾಗದ ಗದ್ದೆಗೆ ತಲುಪಿತೇ ಎಂಬ ಜಗಳ ಮುಗಿಯುವುದಿಲ್ಲ. ಆ ಸಿಟ್ಟು ರಸ್ತೆ ತಡೆಗೆ ತಿರುಗಿದ ದಿನ ಕಾರಿನವರಿಗೂ ಅದರ ಬಿಸಿ ತಟ್ಟುತ್ತದೆ.

ಎಲ್ಲರೂ ಹಿಡಿಯುವ ದಾರಿ ಹರಿಹರದ್ದು. ದಾವಣಗೆರೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹದಿನಾಲ್ಕು ಕಿಲೋಮೀಟರಿನಷ್ಟು ಓಡಿ, ಹರಿಹರದಲ್ಲಿ ಶಿವಮೊಗ್ಗ ರಸ್ತೆಗೆ ಹೊರಳಬೇಕು. ಇದು ಹೊಸಪೇಟೆಯಿಂದ ಬರುವ ರಾಜ್ಯ ಹೆದ್ದಾರಿ 25. ಹರಿಹರವನ್ನು ಬರೀ ತಿರುವಾಗಿ ಕಾಣಬೇಡಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಳಾಲ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಊರೊಳಗೇ ಇದೆ. ದಾರಿಯ ವಿಷಯ ಬಂದಿದ್ದರಿಂದ ಇನ್ನೊಂದನ್ನೂ ಹೇಳಬೇಕು: ಬೆಂಗಳೂರು–ಧಾರವಾಡದ ಹಳೆಯ ಹೆದ್ದಾರಿಗಾಗಿ ಇಲ್ಲಿ ತುಂಗಭದ್ರೆಗೆ ಸೇತುವೆ ಮುಗಿದದ್ದು 1868ರಲ್ಲಿ. ಅದಕ್ಕೆ ಹದಿನಾಲ್ಕು ಕಮಾನು. ಮೈಸೂರು ಸೀಮೆಗೂ ಮುಂಬೈ ಕರ್ನಾಟಕಕ್ಕೂ ನಂಟು ಬೆಸೆದದ್ದು ಆ ಕಮಾನುಗಳೇ. ಹರಿಹರ ದಾಟಿದ ಮೇಲೆ ಬೆಳ್ಳೂಡಿ, ಕುಂಬಳೂರು, ಮಲೇಬೆನ್ನೂರು; ಅಲ್ಲಿಂದ ಹೊಳೆಯ ಕಡೆಗೆ ಇಳಿದರೆ ಕೊಕ್ಕನೂರು. ಬಸ್ಸು, ಲಾರಿ, ಊರೂರಿಗೆ ಹಂಪು. ಬೇಸರದ ರಸ್ತೆ ಎನ್ನಿ. ಆದರೆ ಕೆಟ್ಟು ನಿಂತರೆ ಗ್ಯಾರೇಜು ಸಿಗುವುದೂ ಇದರಲ್ಲೇ.

ಚೆಂದದ ದಾರಿ ಬೇರೆಯೇ ಇದೆ. ಹೆದ್ದಾರಿಯ ಗೊಡವೆಯಿಲ್ಲದೆ ದೇವರಬೆಳಕೆರೆ, ಕುಣೆಬೆಳಕೆರೆ ಕಡೆಯಿಂದ ಮಲೇಬೆನ್ನೂರು ಸೇರುವ ಒಳದಾರಿ. ದೇವರಬೆಳಕೆರೆಯ ಪಿಕಪ್ ಅಣೆಕಟ್ಟೆ ನೋಡಲು ಸೊಗಸು. ಆದರೆ ಜೋರು ಮಳೆಯಲ್ಲಿ ಗೇಟುಗಳಿಗೆ ಜಲಸಸ್ಯ ಸಿಕ್ಕಿಕೊಂಡು ಹಿನ್ನೀರು ಗದ್ದೆಗಳಿಗೆ ನುಗ್ಗುವುದೂ ಉಂಟು. ನಾಟಿಯ ಕಾಲದಲ್ಲಿ ಈ ದಾರಿಗೆ ಸಾಟಿಯಿಲ್ಲ. ಕೊಯ್ಲಿಗೆ ಮಾತ್ರ ಅದೇ ರಸ್ತೆ ಕಣವಾಗುತ್ತದೆ. ಅರ್ಧ ಡಾಂಬರಿನ ಮೇಲೆ ಭತ್ತ, ಅಂಚಿಗೆ ಕಲ್ಲಿನ ಸಾಲು, ಎದುರಿಗೆ ರಸ್ತೆ ತುಂಬಿಕೊಂಡು ಬರುವ ಕೊಯ್ಲು ಯಂತ್ರ. ಕಾನೂನು ಒಪ್ಪುವುದಿಲ್ಲ, ಬೈಕಿನವರು ಜಾರಿ ಬೀಳುವುದೂ ನಿಜ. ಆದರೂ ಒಣಗಿಸಲು ಕಣವೇ ಇಲ್ಲದ ರೈತನನ್ನು ನೋಡಿದರೆ ಹಾರ್ನ್ ಮೇಲಿನ ಕೈ ತಾನೇ ಹಿಂದಕ್ಕೆ ಬರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಹೊರಟ ಜೋಡಿ ಟ್ರೇಲರುಗಳ ಹಿಂದೆ ಸಿಕ್ಕಿದಿರೋ, ಓವರ್‌ಟೇಕಿನ ಆಸೆ ಬಿಡಬೇಕು.

ಮೂರನೆಯದು ಹೊಳೆದಂಡೆಯ ದಾರಿ. ನಂದಿಗುಡಿ, ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ, ಕೊಕ್ಕನೂರು ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುವ ಆಸೆಯವರು ಇದನ್ನು ಹಿಡಿಯುತ್ತಾರೆ. ಬೇಸಿಗೆಯಲ್ಲಿ ಸರಿ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದರೆ ಉಕ್ಕಡಗಾತ್ರಿ–ಫತ್ತೇಪುರ ನಡುವಿನ ರಸ್ತೆ ಮುಳುಗಿ ಸಂಪರ್ಕ ಕಡಿಯುತ್ತದೆ; ಪತ್ರಿಕೆಗಳಲ್ಲಿ ಈ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕ್ರಿಕೆಟ್ಟಿನಿಂದ ನಮಗೆ ಪರಿಚಯವಾದ ಜಮೈಕಾದಲ್ಲೂ ಇದೇ ಪೇಚು. ಕಿಂಗ್‌ಸ್ಟನ್ನಿನಿಂದ ಉತ್ತರ ಕರಾವಳಿಗೆ ಹೋಗುವ ಹಳೆಯ ದಾರಿಯಲ್ಲಿ 'ಫ್ಲ್ಯಾಟ್ ಬ್ರಿಡ್ಜ್' ಎಂಬ, ಕಟಕಟೆಯಿಲ್ಲದ, ಒಂದೇ ಸಾಲಿನ ಕಿರುಸೇತುವೆಯಿದೆ. ರಿಯೊ ಕೋಬ್ರೆ ನದಿ ಏರಿತೆಂದರೆ ಅದು ನೀರಿನಡಿ. 2016ರಲ್ಲಿ ಗುಡ್ಡ ಸೀಳಿದ ಸುಂಕದ ಹೆದ್ದಾರಿ ಪೂರ್ತಿಯಾದ ಮೇಲೆ ಅಲ್ಲಿನವರಿಗೆ ದುಡ್ಡು ಕೊಟ್ಟು ಬೇರೆ ದಾರಿ ಹಿಡಿಯುವ ಅನುಕೂಲವಾದರೂ ಆಯಿತು. ಫತ್ತೇಪುರದವರಿಗೆ ಸುತ್ತು ಹಾಕುವುದೊಂದೇ ಉಪಾಯ. ಎತ್ತರದ ಸೇತುವೆಯ ಬೇಡಿಕೆ ಅತ್ಯಂತ ನ್ಯಾಯದ್ದು.

ದಿನದ ಆಯ್ಕೆಯೂ ಮುಖ್ಯ. ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಜನ ಕಿಕ್ಕಿರಿಯುತ್ತಾರೆ; ಅಂದು ಈ ಭಾಗದ ಸಣ್ಣ ರಸ್ತೆಗಳಲ್ಲಿ ಕಾರು ತಿರುಗಿಸಲೂ ಜಾಗ ಸಿಗದು. ಶನಿವಾರವಂತೂ ಹನುಮಪ್ಪನ ವಾರ. ಪುರುಸೊತ್ತಾಗಿ ನೋಡುವ ಮನಸ್ಸಿದ್ದರೆ ಬುಧವಾರವೋ ಗುರುವಾರವೋ ಹೊರಡಿ.

ನನ್ನ ಮಟ್ಟಿಗೆ, ಬೆಳಿಗ್ಗೆ ಬೆಣ್ಣೆದೋಸೆ ಮುಗಿಸಿ ದೇವರಬೆಳಕೆರೆಯ ಒಳದಾರಿಯಲ್ಲಿ ಹೋಗುವುದು, ಹರಿಹರದ ಮೇಲೆ ಹಿಂತಿರುಗುವುದು. ನಡುವೆ ಮಲೇಬೆನ್ನೂರು ಸಮೀಪದ ಕೊಮಾರನಹಳ್ಳಿಗೆ ಅರ್ಧ ಗಂಟೆ ಎತ್ತಿಡಬೇಕು. ಅಲ್ಲಿನ ಕೆರೆಯ ಪಕ್ಕದ ಹೆಳವನಕಟ್ಟೆ ರಂಗನಾಥನ ಹೆಸರಿನಿಂದಲೇ ಹರಿದಾಸ ಪರಂಪರೆಯ ಗಿರಿಯಮ್ಮ ಹೆಳವನಕಟ್ಟೆ ಗಿರಿಯಮ್ಮ ಆದದ್ದು. ರಾಣೆಬೆನ್ನೂರಿನ ಮಗಳು, ಮಲೇಬೆನ್ನೂರಿನ ಸೊಸೆ. ಹೊಳೆ ದಾಟಿ ಬಂದವಳು. ಕತ್ತಲಾದ ಮೇಲೆ ಒಳದಾರಿ ಮಾತ್ರ ಬೇಡ: ಕಬ್ಬಿನ ಟ್ರೇಲರುಗಳ ಹಿಂದೆ ದೀಪವಿರುತ್ತದೆಂದು ನಂಬಿ ಗಾಡಿ ಓಡಿಸುವ ಹಾಗಿಲ್ಲ.