ಸಾವನದುರ್ಗದ ಬುಡದಲ್ಲಿ ಕಲ್ಗೋರಿಗಳು

ಮಾಗಡಿ ಕಡೆಯಿಂದ ಸಾವನದುರ್ಗಕ್ಕೆ ಬಂದವರೆಲ್ಲ ಮೊದಲು ತಲೆ ಎತ್ತಿ ಬೆಟ್ಟ ನೋಡುತ್ತಾರೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಹೆಬ್ಬಂಡೆ, ನೋಡದೆ ಇರಲಾಗದು. ನಾನು ಮಾತ್ರ ವೀರಭದ್ರಸ್ವಾಮಿಗೆ ಕೈಮುಗಿದು, ನೆಲ ನೋಡುತ್ತ ಕುರುಚಲು ಕಾಡಿನ ಅಂಚು ಹಿಡಿದೆ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಗೆದ್ದ ಕೋಟೆ ಮೇಲಿದೆ. ಅದಕ್ಕಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಕೆಳಗೆ ಮಲಗಿದ್ದಾರೆ.

ಸರ್ವೆ ಅಧಿಕಾರಿ ಬ್ರಾನ್‌ಫಿಲ್ ಇಲ್ಲಿಯ ಕಲ್ಗೋರಿಗಳ ಬಗ್ಗೆ 1881ರಲ್ಲೇ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಬರೆದಿದ್ದ. ಗುರುತು ಹಿಡಿಯಲು ಕಣ್ಣು ಪಳಗಬೇಕು. ಲಾಂಟಾನದ ಪೊದೆ ಸರಿಸಿದರೆ ಮಣ್ಣಿನಿಂದ ಗೇಣುದ್ದ ಮೇಲೆದ್ದ ಗುಂಡುಗಲ್ಲುಗಳು. ಹೆಜ್ಜೆ ಹಾಕುತ್ತ ಹೋದರೆ ಅವು ದುಂಡಗೆ ಸುತ್ತಿಕೊಂಡಿರುವುದು ತಿಳಿಯುತ್ತದೆ. ನಡುವೆ ನೆಲ ತುಸು ಉಬ್ಬಿರುತ್ತದೆ. ಅದರಡಿ ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿದ ಕೋಣೆ. ಇಂಥ ಕೋಣೆಗಳನ್ನು ನಮ್ಮ ಕಡೆ ಪಾಂಡವರ ಗುಡಿ ಎನ್ನುವುದುಂಟು. ಕಟ್ಟಿದವರು ಕಬ್ಬಿಣದ ಯುಗದ ರೈತರು, ದನಗಾಹಿಗಳು. ಚಪ್ಪಡಿ ಹುಡುಕಿ ಅವರು ದೂರ ಹೋಗಬೇಕಿರಲಿಲ್ಲ. ಇಲ್ಲಿಯ ಬಂಡೆ ಈರುಳ್ಳಿಯಂತೆ ಪದರ ಪದರವಾಗಿ ತಾನೇ ಬಿಟ್ಟುಕೊಳ್ಳುತ್ತದೆ.

ಇಂಥ ಗೋರಿಯನ್ನು ಅಗೆಯುವ ಕ್ರಮವೇ ಬೇರೆ. ವೃತ್ತವನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಮೊದಲು ತೆಗೆಯುತ್ತಾರೆ. ಉಳಿದ ಮಣ್ಣಿನ ಗೋಡೆಯಲ್ಲಿ ಯಾವ ಪದರ ಯಾವಾಗ ಬಿತ್ತೆಂದು ಓದಬಹುದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪದರ ಓದಿಯೇ ದಕ್ಷಿಣದ ಕಾಲಗಣನೆಗೆ ತಳಹದಿ ಹಾಕಿದ. ಅಲ್ಲಿಯ ಕೋಣೆಗಳ ಚಪ್ಪಡಿಗಳು ಸ್ವಸ್ತಿಕದಂತೆ ಒಂದನ್ನೊಂದು ಒತ್ತಿ ನಿಂತಿದ್ದವು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಬಿಡಿ ಮೂಳೆ, ಮಡಕೆ, ಕಬ್ಬಿಣದ ಹತಾರ. ನಮಗೆ ಹತ್ತಿರದ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಎಂ. ಶೇಷಾದ್ರಿಯವರು 1957ರಲ್ಲಿ ಕಲ್ಗೋರಿಗಳ ಉತ್ಖನನ ನಡೆಸಿದರು.

ಆ ಕಾಲದ ಮಡಕೆಯ ಚೂರು ಕೈಗೆ ಸಿಕ್ಕರೆ ಅಂಚು ನೋಡಿ. ಒಳಗೆಲ್ಲ ಕಪ್ಪು, ಬಾಯಿಯ ಹೊರಗೂ ಕಪ್ಪು, ಕೆಳಗೆ ಕೆಂಪು. ಬೋರಲು ಹಾಕಿ ಸುಟ್ಟಾಗ ಗಾಳಿ ಆಡದ ಕಡೆ ಕಪ್ಪಾಗುತ್ತದೆ, ಆಡಿದ ಕಡೆ ಕೆಂಪಾಗುತ್ತದೆ. ನೋಡಿ ಅಲ್ಲೇ ಇಡಿ. ಯಾವ ಮಡಕೆ ಯಾವ ಮೂಳೆಯ ಪಕ್ಕ ಇತ್ತು ಎಂಬುದೇ ಇಲ್ಲಿ ದಾಖಲೆ. ಎತ್ತಿಕೊಂಡರೆ ಅದು ಬರೀ ಓಡು.

ಕಲ್ಗೋರಿಗಳ ನಿಜವಾದ ಶತ್ರು ನಿಧಿಯಾಸೆ. ಹಾರೆ ಹಾಕಿ ಹೊದಿಕೆಕಲ್ಲು ಉರುಳಿಸಿದವರಿಗೆ ಸಿಗುವುದು ಮಣ್ಣು, ಮೂಳೆ, ತುಕ್ಕು ಹಿಡಿದ ಕಬ್ಬಿಣ. ನಿಧಿ ಹೂಳಿಟ್ಟ ಗೋರಿಗಳಲ್ಲ ಇವು. ಕಲ್ಲುಗಣಿ, ಲೇಔಟು, ಟ್ರಾಕ್ಟರ್ ನೇಗಿಲಿನ ಹೊಡೆತವೂ ಕಡಿಮೆಯಲ್ಲ.

ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣದ ಕಡೆ ನಿಮ್ಮ ಹೊಲದ ಬದಿಯಲ್ಲಿ ದುಂಡಗೆ ಜೋಡಿಸಿದ ಹಳೆಗಲ್ಲು ಕಂಡರೆ ದಯವಿಟ್ಟು ಕೀಳಬೇಡಿ. ಫೋಟೊ ತೆಗೆದು, ಸರ್ವೆ ನಂಬರಿನೊಂದಿಗೆ ತಹಶೀಲ್ದಾರರಿಗೋ ರಾಜ್ಯದ ಪುರಾತತ್ವ ಇಲಾಖೆಗೋ ತಿಳಿಸಿ.