ಹಣ್ಣುನೊಣಗಳ ಕುಲವೃತ್ತಾಂತ

ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆ ಹಾಗಲ, ಹೀರೆ, ಪಡವಲಗಳಿಗೆ ಚಪ್ಪರ ಕಟ್ಟಿದ ರೈತರಿಗೆ, ಎಳೆಯ ಕಾಯಿ ಚುಚ್ಚಿದೆಡೆಯಿಂದ ಅಂಟುರಸ ಒಸರಿ, ಸೊಟ್ಟಗಾಗಿ, ಒಳಗೇ ಕೊಳೆತು ಉದುರುವ ವ್ಯಥೆ ಹೊಸದಲ್ಲ. ಇದಕ್ಕೆ ಕಾರಣವಾದ ಕ್ಷುದ್ರಕೀಟವನ್ನು ಹಣ್ಣುನೊಣವೆಂದು ಕರೆದು ನಾವು ಸುಮ್ಮನಾಗುತ್ತೇವೆ. ಆದರೆ ಹಾಗೆ ಕರೆಯಿಸಿಕೊಳ್ಳುವ ನೊಣಗಳ ಪೈಕಿ ಬ್ಯಾಕ್ಟ್ರೋಸೆರಾ ಎಂಬ ಒಂದೇ ಕುಲದಲ್ಲಿ, ಏಷ್ಯಾದಿಂದ ಆಸ್ಟ್ರೇಲಿಯಾದವರೆಗಿನ ಉಷ್ಣವಲಯದಲ್ಲಿ ಮುಖ್ಯವಾಗಿ ಹಬ್ಬಿರುವ 400ಕ್ಕೂ ಮಿಕ್ಕ ಪ್ರಭೇದಗಳನ್ನು ಪ್ರಾಣಿಶಾಸ್ತ್ರಜ್ಞರು ಗುರುತಿಸಿದ್ದಾರೆ. ಇವುಗಳಲ್ಲಿ ಬಹುಪಾಲು ಕಾಡುಹಣ್ಣುಗಳನ್ನಾಶ್ರಯಿಸಿ ಬದುಕುವ ನಿರಪರಾಧಿಗಳು.

ಪ್ರಭೇದಗಳ ಭೇದವಾದರೋ ಅತಿ ಸೂಕ್ಷ್ಮವಾದುದು. ಮಾವು, ಸೀಬೆಗಳನ್ನು ಹಾಳುಮಾಡುವ ಡಾರ್ಸಾಲಿಸ್‌ನ ಪಾರದರ್ಶಕವಾದ ರೆಕ್ಕೆಯ ಮುಂಅಂಚಿನುದ್ದಕ್ಕೂ ಕಂದುಪಟ್ಟಿ ಅಖಂಡವಾಗಿ ಸಾಗಿದರೆ, ಜೊನೇಟಾ ಹಾಗೂ ಕರೆಕ್ಟಾಗಳಲ್ಲಿ ಅದು ನಡುವೆ ತುಂಡಾಗಿ, ತುದಿಯಲ್ಲಿ ಬೊಟ್ಟಾಗಿ ಉಳಿಯುತ್ತದೆ. ಲ್ಯಾಟಿಫ್ರಾನ್ಸ್ ಎಂಬುದಕ್ಕೆ ಬದನೆ, ಮೆಣಸಿನಕಾಯಿಗಳೆಂದರೆ ವಿಶೇಷ ಪ್ರೀತಿ. ಬೆನ್ನಿನ ಮೇಲೆ ಮೂರು ಹಳದಿ ಗೆರೆಗಳುಳ್ಳ, ಹಾಗಲ ಹೀರೆಗಳ ನೊಣವನ್ನಂತೂ ಬಹುಕಾಲ ಇದೇ ಕುಲದಲ್ಲಿಟ್ಟಿದ್ದು, ಇತ್ತೀಚೆಗೆ ಜ್ಯೂಗೊಡಾಕಸ್ ಎಂಬ ಬೇರೊಂದು ಕುಲಕ್ಕೆ ಸೇರಿಸಿದ್ದಾರೆ.

ಇಷ್ಟು ಸೂಕ್ಷ್ಮವಾದ ವಿಷಯದಲ್ಲಿ ಪಂಡಿತರೂ ತೊಡಕಿಗೆ ಸಿಲುಕಿದ್ದುಂಟು. 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡು ಆಫ್ರಿಕಾದ ಮಾವಿನ ತೋಪುಗಳನ್ನು ಕಂಗೆಡಿಸಿದ ನೊಣವನ್ನು 2005ರಲ್ಲಿ ಇನ್ವೇಡೆನ್ಸ್ ಎಂಬ ಹೊಸ ಪ್ರಭೇದವೆಂದು ಹೆಸರಿಸಿದರು. ಅಂಗರಚನೆ, ಅನುವಂಶೀಯತೆ, ಸಂಭೋಗವರ್ತನೆಗಳನ್ನೆಲ್ಲ ತೂಗಿನೋಡಿದ ಮೇಲೆ 2015ರಲ್ಲಿ, ಅದು ಹೆಂಡೆಲ್ ಎಂಬಾತ 1912ರಲ್ಲಿ ಫಾರ್ಮೋಸಾದ್ವೀಪದಿಂದ ವರ್ಣಿಸಿದ್ದ ನಮ್ಮ ಡಾರ್ಸಾಲಿಸ್ಸೇ ಎಂದು ನಿರ್ಣಯವಾಯಿತು. ಒಂದು ದೇಶದ ಹಣ್ಣು ಇನ್ನೊಂದರ ಬಂದರಿನಲ್ಲಿ ಇಳಿಯಬಹುದೋ ಇಲ್ಲವೋ ಎಂಬುದು ಇಂಥ ನಿರ್ಣಯಗಳನ್ನೇ ಅವಲಂಬಿಸಿರುವುದರಿಂದ, ಇದನ್ನು ಕೇವಲ ಪಾಂಡಿತ್ಯದ ವ್ಯಾಸಂಗವೆನ್ನಲು ನನಗೆ ಮನಸ್ಸೊಪ್ಪದು.

ನಮ್ಮ ಹೊಲಗಳಿಗೂ ಈ ವಿವೇಚನೆ ಅವಶ್ಯವಾದುದು. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್, ಸಿಟ್ರೊನೆಲ್ಲಾ ತೈಲಕ್ಕೆ ಗಂಡುನೊಣಗಳು ಮುತ್ತುವುದನ್ನು ಕಂಡು, 1915ರಲ್ಲಿ ಆ ಆಕರ್ಷಣೆಯ ಮೂಲ ಮಿಥೈಲ್ ಯೂಜಿನಾಲ್ ಎಂದು ತೋರಿಸಿದನು. ನಮ್ಮ ತುಳಸಿಯಲ್ಲೂ ಇರುವ ಈ ದ್ರವ್ಯವನ್ನು ಹೀರಿದ ಮರದ ತುಂಡನ್ನು, ಕೀಟನಾಶಕದೊಡನೆ, ಮಾವಿನ ತೋಪಿನ ಬಲೆಗಳಲ್ಲಿ ತೂಗುಹಾಕುತ್ತಾರೆ. ಡಾರ್ಸಾಲಿಸ್, ಜೊನೇಟಾ, ಕರೆಕ್ಟಾಗಳ ಗಂಡುಗಳು ಇದಕ್ಕೆ ಮರುಳಾಗುತ್ತವೆ. ಹಾಗಲದ ನೊಣಕ್ಕಾದರೋ ಕ್ಯೂ ಲ್ಯೂರ್ ಎಂಬ ಬೇರೆಯ ದ್ರವ್ಯವೇ ಬೇಕು. ಲ್ಯಾಟಿಫ್ರಾನ್ಸ್ ಇವೆರಡಕ್ಕೂ ಒಲಿಯುವುದಿಲ್ಲ. ಆದುದರಿಂದ ಮಾವಿನ ಬಲೆಯನ್ನು ಹಾಗಲದ ಚಪ್ಪರಕ್ಕೆ ಕಟ್ಟಿದವನ ಶ್ರಮ ವ್ಯರ್ಥವಾದೀತು. ಯಾವ ನೊಣವಾದರೂ ಹುಳು ಕೊಳೆತ ಕಾಯಿಯಿಂದ ಹೊರಬಿದ್ದು ಮಣ್ಣಿನಲ್ಲಿ ಕೋಶವಾಗುವುದರಿಂದ, ಉದುರಿದ ಕಾಯಿಗಳನ್ನು ದಿನವೂ ಆರಿಸಿ ಆಳವಾಗಿ ಹೂಳುವುದು ಮಾತ್ರ ಎಲ್ಲ ಪ್ರಭೇದಗಳಿಗೂ ಸಲ್ಲುವ ಉಪಾಯ.